ತಲೆಗೆ ಪೆಟ್ಟಾದವರಿಗೆ ‘ಪರ್ಸೆಂಟ್ ಜಾಸ್ತಿ ಮಾಡಿಸಿಕೊಡ್ತೀನಿ’ ಅನ್ನೋರನ್ನ ನಂಬಬೇಡಿ

ಮೊದಲೇ ಹೇಳಿಬಿಡುತ್ತೇನೆ, ಪೂರ್ತಿ ಓದದಿದ್ದರೂ ಪರವಾಗಿಲ್ಲ. ಅಂಗವಿಕಲರಿಗೆ ಸರ್ಕಾರ ಕೊಡೋ ಯುಡಿಐಡಿ ಕಾರ್ಡಿಗೆ ಫೀಸ್ ಇಲ್ಲ. ಒಂದು ರೂಪಾಯಿಯೂ ಇಲ್ಲ. ನಾನು 14,500 ಕೊಟ್ಟಿದ್ದೇನೆ. ಶಾಲೆಯೊಂದರಲ್ಲಿ ಲೆಕ್ಕ ಬರೆಯೋಳು ನಾನು, ದಿನಾ ಬೇರೆಯವರ ರಸೀದಿ ಹಿಡಿದು ತಪ್ಪು ಹುಡುಕೋಳು, ರಸೀದಿ ಇಲ್ಲದೆ ಕೊಟ್ಟಿದ್ದೇನೆ. ಬರೆಯೋಕೆ ನಾಚಿಕೆ ಆಗುತ್ತಿದೆ. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ದುಡ್ಡು ಇಸಿದುಕೊಂಡವನು ಇನ್ನೂ ಆ ಕಚೇರಿ ಹೊರಗೇ ನಿಂತಿದ್ದಾನೆ.

ನನ್ನ ತಮ್ಮನಿಗೆ 34 ವರ್ಷ. ಪೀಣ್ಯದಲ್ಲಿ ಸಿಎನ್‌ಸಿ ಮೆಷಿನ್ ಓಡಿಸುತ್ತಿದ್ದ. ಎರಡು ವರ್ಷದ ಹಿಂದೆ ಸೆಕೆಂಡ್ ಶಿಫ್ಟ್ ಮುಗಿಸಿ ಬರುವಾಗ ಗೊರಗುಂಟೆಪಾಳ್ಯದ ಹತ್ತಿರ ಬೈಕ್ ಸ್ಕಿಡ್ ಆಯಿತು. ಹೆಲ್ಮೆಟ್ ಇತ್ತು, ಬಕಲ್ ಹಾಕಿರಲಿಲ್ಲ. ತಲೆಯ ಮುಂಭಾಗ, ಬಲಗಡೆ ಪೆಟ್ಟು. 19 ದಿನ ಐಸಿಯು. ಬದುಕಿದ.

ಈಗ ನೋಡಿದರೆ ಏನೂ ಆಗಿಲ್ಲ ಅನ್ನಿಸುತ್ತೆ. ಕೈಕಾಲು ಸರಿಯಿದೆ, ನಡೆಯುತ್ತಾನೆ, ನಗುತ್ತಾನೆ, ಹೊಸಬರ ಜತೆ ಹತ್ತು ನಿಮಿಷ ಚೆನ್ನಾಗಿ ಮಾತಾಡುತ್ತಾನೆ. ಆದರೆ ಹಾಲು ತರೋಕೆ ನಂದಿನಿ ಬೂತಿಗೆ ಹೋದವನು ಬಸ್ ಹತ್ತಿ ಯಶವಂತಪುರದಲ್ಲಿ ಇಳಿದಿರುತ್ತಾನೆ. ಯಾಕೆ ಹತ್ತಿದೆ ಅಂದರೆ ಗೊತ್ತಿಲ್ಲ. ಗ್ಯಾಸ್ ಆನ್ ಮಾಡಿ ಲೈಟರ್ ಹುಡುಕುತ್ತಾ ಹೊರಗಿನ ರೂಮಿಗೆ ಬಂದು ಟಿವಿ ನೋಡುತ್ತಾ ಕೂರುತ್ತಾನೆ. ಸಣ್ಣ ಮಾತಿಗೆ ತಟ್ಟೆ ಎಸೆಯುತ್ತಾನೆ, ಅರ್ಧ ಗಂಟೆ ಬಿಟ್ಟು ‘ಯಾರಮ್ಮ ಇಲ್ಲಿ ಅನ್ನ ಚೆಲ್ಲಿದ್ದು?’ ಅಂತ ಅವನೇ ಕೇಳುತ್ತಾನೆ. 67 ವರ್ಷದ ಅಮ್ಮ ಬಾತ್‌ರೂಮಿಗೆ ಹೋದರೂ ಬಾಗಿಲು ಅರ್ಧ ತೆರೆದಿಟ್ಟುಕೊಂಡು ಇವನ ಮೇಲೆ ಒಂದು ಕಿವಿ ಇಟ್ಟಿರಬೇಕು.

ಇಂಥವನಿಗೆ ಸರ್ಕಾರದಿಂದ ಏನು ಸಿಗುತ್ತೆ ಅಂತ ಕೇಳೋಕೆ ಹೋದರೆ ಕೌಂಟರಿನಲ್ಲಿ ಮೊದಲ ಉತ್ತರ: ‘ತಲೆ ಪೆಟ್ಟು ಅನ್ನೋ ಕಾಲಂ ಇಲ್ಲಮ್ಮ.’ ಕಾಲಂ ಇಲ್ಲ. ಆ ದಿನ ಅದನ್ನು ಎಷ್ಟು ಸಲ ಕೇಳಿದೆನೋ. ನಿಜಾನೇ ಅದು. 1995ರ ಕಾಯ್ದೆಯಲ್ಲಿ ಅಂಗವೈಕಲ್ಯದ 7 ಬಗೆ ಇದ್ದವು, 2016ರ ಕಾಯ್ದೆಯಲ್ಲಿ 21 ಆದವು. ಪಾರ್ಕಿನ್ಸನ್ಸ್ ಇದೆ, ಹಿಮೋಫೀಲಿಯಾ ಇದೆ, ಆಸಿಡ್ ದಾಳಿಗೆ ಒಳಗಾದವರಿದ್ದಾರೆ. ಅಪಘಾತದಲ್ಲಿ ಮೆದುಳಿಗೆ ಪೆಟ್ಟಾದವರು ಅಂತ ಬೇರೆಯಾಗಿ ಇಲ್ಲ. ಇದೇ ಬೆಂಗಳೂರಿನಲ್ಲಿ ದಿನಾ ರಾತ್ರಿ ಎಷ್ಟು ಬೈಕ್ ಬೀಳುತ್ತವೆ, ಅಲ್ವಾ? ಅವರನ್ನೆಲ್ಲ ಕಾಲಿಗೋ ಮಾತಿಗೋ ಮನಸ್ಸಿಗೋ, ಯಾವುದಕ್ಕೆ ಹೊಂದುತ್ತೋ ಆ ಡಬ್ಬಿಗೆ ತುಂಬಬೇಕು. ತಮ್ಮನನ್ನು ಮಾನಸಿಕ ಅನ್ನೋ ಡಬ್ಬಿಗೆ ಕಳಿಸಿದರು.

ಅಂಗವೈಕಲ್ಯ ಎಷ್ಟು ಪರ್ಸೆಂಟ್ ಅಂತ ಹೇಳೋ ಡಾಕ್ಟರುಗಳ ಬೋರ್ಡ್ ಮುಂದೆ ಏನಾಯಿತು ಗೊತ್ತಾ? ಹೆಸರು ಕೇಳಿದರು, ಹೇಳಿದ. ವಾರ ಕೇಳಿದರು, ಗೋಡೆಯ ಮೇಲೆ ಕ್ಯಾಲೆಂಡರ್ ಇತ್ತು, ನೋಡಿ ಹೇಳಿದ. ನೂರರಲ್ಲಿ ಏಳು ಕಳೆ ಅಂದರು, ಕಳೆದ, ಮೆಷಿನ್ ಓಡಿಸಿದವನಲ್ವಾ. ‘ಬೆಳಗ್ಗೆ ಏನು ತಿಂದ್ರಿ?’ ಅಂದರು. ‘ಮಸಾಲೆ ದೋಸೆ ಸಾರ್, ಚಟ್ನಿ ಮಾತ್ರ ಸಪ್ಪೆ ಇತ್ತು’ ಅಂದ. ಡಾಕ್ಟರು ನಕ್ಕರು. ಅವನು ತಿಂದಿದ್ದು ಚಿತ್ರಾನ್ನ. ನಾನೇ ಕಲಸಿದ್ದು. ಮೆದುಳಿನಲ್ಲಿ ಖಾಲಿ ಇರೋ ಜಾಗಕ್ಕೆ ಅವನು ಏನೋ ಒಂದು ತುಂಬುತ್ತಾನೆ, ಸುಳ್ಳು ಹೇಳುತ್ತಿದ್ದೇನೆ ಅಂತ ಅವನಿಗೇ ಗೊತ್ತಿರಲ್ಲ. ನಾನು ಬಾಯಿ ತೆರೆದೆ. ‘ಕೇಳಿದಾಗ ಹೇಳಿ ಮೇಡಮ್.’ ಕೊನೆವರೆಗೂ ಕೇಳಲಿಲ್ಲ. 30 ಪರ್ಸೆಂಟ್ ಅಂತ ಬಂತು. 40 ಇಲ್ಲದಿದ್ದರೆ ಪಿಂಚಣಿ ಇಲ್ಲ. ಬಿಳಿ ಕಾರ್ಡ್ ಬಂತು, ಬೀರುವಿನಲ್ಲಿಟ್ಟೆ.

ಈಗ ಆ ಮನುಷ್ಯನ ವಿಷಯಕ್ಕೆ ಬರುತ್ತೇನೆ.

ಕಚೇರಿ ಹೊರಗೆ ಜೆರಾಕ್ಸ್ ಅಂಗಡಿ, ಪಕ್ಕದಲ್ಲಿ ಹೊಂಗೆ ಮರ, ಅದರ ಕೆಳಗೆ ಫೈಲ್ ಹಿಡಿದು ನಿಂತಿರುತ್ತಾನೆ. ಕೊರಳಿಗೆ ಐಡಿ ಕಾರ್ಡ್ ನೇತುಹಾಕಿಕೊಂಡಿದ್ದಾನೆ, ಕಾರ್ಡ್ ಮಾತ್ರ ಶರ್ಟ್ ಜೇಬಿನ ಒಳಗಿರುತ್ತೆ, ಹೊರಗೆ ಕಾಣೋದು ಬರೀ ದಾರ. ಇದನ್ನು ಆಗಲೇ ಗಮನಿಸಬೇಕಿತ್ತು. ನಾನು ಅಳುತ್ತಾ ಬಂದಿದ್ದೆ ಅನ್ನಿಸುತ್ತೆ. ‘ಯಾಕಕ್ಕ, 30 ಹಾಕಿದ್ರಾ?’ ಅಂದ. ಮೂವತ್ತು ಅಂತ ಅವನಿಗೆ ಹೇಗೆ ಗೊತ್ತಾಯಿತು? ಆಗ ದೇವರೇ ಕಳಿಸಿದ ಅಂದುಕೊಂಡೆ. ಈಗ ಯೋಚನೆ ಮಾಡಿದರೆ ಅಲ್ಲಿಂದ ಅತ್ತುಕೊಂಡು ಬರೋರಿಗೆಲ್ಲ ಅವನು ಮೂವತ್ತು ಅಂತಲೇ ಕೇಳುತ್ತಾನೇನೋ.

‘ತಲೆ ಪೆಟ್ಟಿಗೆ ಕಾಲಂ ಇಲ್ಲಕ್ಕ, ಅದಕ್ಕೇ ಕಡಿಮೆ ಹಾಕ್ತಾರೆ. ಅಪೀಲು ಗಿಪೀಲು ಅಂತ ಹೋದ್ರೆ ವರ್ಷ ಹಿಡಿಯುತ್ತೆ. ಒಳಗಡೆ ನಮ್ಮೋರಿದ್ದಾರೆ, 60 ಮಾಡಿಸ್ತೀನಿ, ಹಳದಿ ಕಾರ್ಡ್ ಬರುತ್ತೆ.’ ಹಳದಿ ಕಾರ್ಡ್ ಅಂದ ತಕ್ಷಣ ನಂಬಿದೆ. 40ಕ್ಕಿಂತ ಕಡಿಮೆಗೆ ಬಿಳಿ, 40ರಿಂದ 80ರ ಒಳಗೆ ಹಳದಿ, 80 ದಾಟಿದರೆ ನೀಲಿ ಅಂತ ಅಷ್ಟು ಹೊತ್ತಿಗೆ ನಾನೂ ಓದಿದ್ದೆ. ಇವನಿಗೆ ಎಲ್ಲ ಗೊತ್ತಿದೆ ಅನ್ನಿಸಿತು. ಮೊದಲು 6,000, ಆಮೇಲೆ ‘ಸಾಹೇಬರಿಗೆ’ ಅಂತ 8,500. ಯುಪಿಐನಲ್ಲಿ ಯಾವುದೋ ಮೊಬೈಲ್ ರೀಚಾರ್ಜ್ ಅಂಗಡಿ ಹೆಸರು ಬಂತು. ಕೇಳಿದರೆ ‘ಸರ್ಕಾರಿ ಕೆಲಸ ಅಲ್ವಾ ಅಕ್ಕ, ಡೈರೆಕ್ಟ್ ತಗೊಳ್ಳಲ್ಲ’ ಅಂದ. ಸರಿ ಅಂದೆ. ಸರಿ ಅಂದೆ ನೋಡಿ!

ಆಮೇಲೆ ಏಳು ವಾರ ಬರೀ ಮೆಸೇಜು. ‘ಸರ್ವರ್ ಡೌನ್ ಅಕ್ಕ.’ ‘ಸಾಹೇಬ್ರು ರಜೆ.’ ‘ಪ್ರಿಂಟಿಗೆ ಹೋಗಿದೆ.’ ಪ್ರತಿ ಮೆಸೇಜಿಗೂ ಕೈ ಮುಗಿಯೋ ಚಿತ್ರ ಒಂದು. ಕೊನೆಗೆ ಕಾರ್ಡ್ ಬಂತು. ಹಳದಿ, ಫೋಟೋ ತಮ್ಮನದೇ, ನಂಬರೂ ಹಳೇ ಕಾರ್ಡಿನದೇ, 60 ಪರ್ಸೆಂಟ್. ಆದರೆ ಯಾವ ತೊಂದರೆ ಅನ್ನೋ ಕಡೆ ಎಡಗಾಲು ಅಂತ ಇತ್ತು. ಫೋನ್ ಮಾಡಿ ಕೇಳಿದೆ, ನಾನೇನು ಕೇಳದೆ ಬಿಡಲಿಲ್ಲ. ಅವನು ಒಂದು ಕ್ಷಣವೂ ತಡವರಿಸಲಿಲ್ಲ: ‘ಪೆಟ್ಟು ಬಲಗಡೆ ತಾನೆ ಅಕ್ಕ? ಬಲಗಡೆ ಮೆದುಳೇ ಎಡಗಾಲನ್ನ ಓಡ್ಸೋದು. ಡಾಕ್ಟ್ರಿಗೆ ಗೊತ್ತಿರುತ್ತೆ, ನೀವು ತಲೆ ಕೆಡಿಸ್ಕೋಬೇಡಿ.’ ಆಸ್ಪತ್ರೆಯಲ್ಲಿ ಡಾಕ್ಟರೂ ಅದನ್ನೇ ಹೇಳಿದ್ದರು, ಬಲಗಡೆ ಮೆದುಳು ಎಡಭಾಗ ನೋಡಿಕೊಳ್ಳುತ್ತೆ ಅಂತ. ಮಾತು ನಿಜ, ಕಾರ್ಡ್ ಸುಳ್ಳು. ನಾನು ಬಿದ್ದಿದ್ದು ಅಲ್ಲೇ.

ಪಿಂಚಣಿ ಅರ್ಜಿ ಹಾಕೋಕೆ ತಮ್ಮನನ್ನೂ ಕರೆದುಕೊಂಡು ಹೋದೆ. ಅಲ್ಲಿನ ಹುಡುಗ ನಂಬರ್ ಟೈಪ್ ಮಾಡಿದ, ಸ್ಕ್ರೀನ್ ನೋಡಿದ, ಕಾರ್ಡ್ ನೋಡಿದ, ಮತ್ತೆ ಸ್ಕ್ರೀನ್ ನೋಡಿದ. ‘ಮೇಡಮ್, ಇಲ್ಲಿ 30 ಅಂತಿದೆ. ನಿಮ್ಮ ಕೈಯಲ್ಲಿರೋದ್ರಲ್ಲಿ 60 ಅಂತಿದೆ.’ ನನಗೆ ಹೊಟ್ಟೆಯೊಳಗೆ ಏನೋ ಜಾರಿದ ಹಾಗಾಯಿತು. ಒಳಗಿಂದ ಹಿರಿಯರೊಬ್ಬರನ್ನು ಕರೆದ. ಅವರು ತಮ್ಮನಿಗೆ ‘ಸ್ವಲ್ಪ ಎದ್ದು ನಡೀರಿ’ ಅಂದರು. ಅವನಿಗೆ ಯಾರಾದರೂ ಏನಾದರೂ ಮಾಡು ಅಂದರೆ ಖುಷಿ. ಎದ್ದು ಬಾಗಿಲವರೆಗೂ ಪೆರೇಡ್ ಮಾಡೋನ ಹಾಗೆ ಹೋಗಿ ವಾಪಸ್ ಬಂದ. ‘ಸಾಕಾ ಸಾರ್? ಇನ್ನೊಂದ್ ಸಲ ನಡೀಲಾ?’ ಕ್ಯೂನಲ್ಲಿದ್ದವರೆಲ್ಲ ನಕ್ಕರು. ಅವನೂ ನಕ್ಕ.

‘ಏನಮ್ಮ, ನೋಡೋಕೆ ಓದಿದೋರ ಥರ ಇದ್ದೀರಿ, ಹುಷಾರಿಲ್ಲದ ಹುಡುಗನ್ನ ಇಟ್ಕೊಂಡು ಇಂಥ ಕೆಲಸ ಮಾಡ್ತೀರಾ?’ ಅಂದರು ಆ ಹಿರಿಯರು. ಸುಳ್ಳು ದಾಖಲೆ ತೋರಿಸಿ ಅಂಗವಿಕಲರ ಸೌಲಭ್ಯ ತಗೊಂಡರೆ, ತಗೊಳ್ಳೋಕೆ ನೋಡಿದರೂ, 2016ರ ಕಾಯ್ದೆಯ 91ನೇ ಸೆಕ್ಷನ್ನಿನಲ್ಲಿ 2 ವರ್ಷದವರೆಗೆ ಜೈಲು ಇಲ್ಲವೇ 1 ಲಕ್ಷದವರೆಗೆ ದಂಡ, ಅಥವಾ ಎರಡೂ. ಅದು ನನ್ನ ಮೇಲೆ ಬರೋದು, ದಾರ ನೇತುಹಾಕಿಕೊಂಡವನ ಮೇಲಲ್ಲ. ಕಾರ್ಡ್ ಅಲ್ಲೇ ಇಟ್ಟುಕೊಂಡು ‘ಹೋಗಿ’ ಅಂದರು. ಪುಣ್ಯ, ಅಷ್ಟಕ್ಕೇ ಬಿಟ್ಟರು.

ಹೊರಗೆ ಬಂದು ಅವನಿಗೆ ಫೋನ್ ಮಾಡಿದೆ. ಏನಂದ ಗೊತ್ತಾ? ‘ನಿಮ್ ತಮ್ಮನ್ನ ಯಾಕಕ್ಕ ನಡೆಸಿದ್ರಿ? ಸ್ವಲ್ಪ ಕುಂಟು ಅಂತ ಹೇಳ್ಕೊಡಬೇಕಿತ್ತು.’ ಐದು ನಿಮಿಷ ಹಿಂದೆ ಹೇಳಿದ್ದು ನೆನಪಿರದ ಹುಡುಗನಿಗೆ ಕುಂಟೋದು ಹೇಳಿಕೊಡಬೇಕಂತೆ! ದುಡ್ಡು ವಾಪಸ್ ಕೇಳಿದೆ. ‘ಕಾರ್ಡ್ ಕೊಟ್ಟಿದ್ದೀನಲ್ಲ’ ಅಂದ. ಅಷ್ಟೆ. ಬ್ಲಾಕ್.

ಸೈಬರ್ ವಂಚನೆಯ ದೂರಿನ ನಂಬರ್ 1930ಕ್ಕೆ ಫೋನ್ ಮಾಡಿದೆ, ದೂರು ಬರೆದುಕೊಂಡರು. ಆದರೆ ದುಡ್ಡು ಹೋದ ತಕ್ಷಣ ಮಾಡಿದರೆ ಮಾತ್ರ ಅದು ಏನಾದರೂ ಕೆಲಸಕ್ಕೆ ಬರುತ್ತೆ, ನಾನು ಮಾಡಿದ್ದು ಎರಡು ತಿಂಗಳು ಬಿಟ್ಟು. ಸ್ಟೇಷನ್ನಿನಲ್ಲಿ ‘ನೀವೇ ಕೈಯಾರೆ ಕೊಟ್ಟಿದ್ದಲ್ವಾ ಮೇಡಮ್?’ ಅಂದರು. ಹೌದು, ನಾನೇ. 40ರಿಂದ 75ರ ಒಳಗಿನವರಿಗೆ ತಿಂಗಳ ಪಿಂಚಣಿ 800. ಅವನಿಗೆ ಕೊಟ್ಟಿದ್ದು 18 ತಿಂಗಳ ಪಿಂಚಣಿ, ಮೇಲೆ ನೂರು ರೂಪಾಯಿ. ಲೆಕ್ಕ ಬರೆಯೋಳು ಈ ಲೆಕ್ಕ ಮೊದಲು ಮಾಡಲಿಲ್ಲ.

ಮಾಡಬೇಕಾಗಿದ್ದು ಏನು ಅಂತ ಆಮೇಲೆ ಗೊತ್ತಾಯಿತು. ಬೋರ್ಡ್ ಹೇಳಿದ್ದು ಒಪ್ಪಿಗೆ ಇಲ್ಲದಿದ್ದರೆ 59ನೇ ಸೆಕ್ಷನ್ನಿನಲ್ಲಿ ಮೇಲ್ಮನವಿ ಹಾಕಬಹುದು. ಅವನು ‘ಅಪೀಲು ಗಿಪೀಲು’ ಅಂತ ತಳ್ಳಿಹಾಕಿದ್ದು ಇದನ್ನೇ. ಇನ್ನೊಂದು, ಮಾನಸಿಕ ತೊಂದರೆ ಅಳೆಯೋಕೆ ಐಡಿಯಾಸ್ ಅಂತ ಒಂದು ಅಳತೆ ಇದೆ. ಸ್ನಾನ, ಊಟ ತಾನೇ ನೋಡಿಕೊಳ್ಳುತ್ತಾನಾ, ಜನರ ಜತೆ ಹೊಂದಿಕೊಳ್ಳುತ್ತಾನಾ, ಹೇಳಿದ್ದು ಅರ್ಥ ಆಗುತ್ತಾ, ಕೆಲಸ ಮಾಡೋಕಾಗುತ್ತಾ ಅಂತ ನೋಡೋದು ಅದು. ಮನೆಯವರನ್ನು ಕೇಳದೆ ಅದನ್ನು ಹೇಗೆ ತುಂಬುತ್ತಾರೆ? ನೂರರಲ್ಲಿ ಏಳು ಕಳೆದರೆ ಗ್ಯಾಸ್ ಆಫ್ ಆಗುತ್ತಾ? ಹಾಗಾಗಿ ಬರೆದುಕೊಂಡು ಹೋಗಿ. ಯಾವ ದಿನ ದಾರಿ ತಪ್ಪಿದ, ಯಾವ ದಿನ ಹೊಡೆದ, ಎಲ್ಲ ದಿನಾಂಕ ಹಾಕಿ ಬರೆದುಕೊಂಡು ಹೋಗಿ, ‘ಕೇಳಿದಾಗ ಹೇಳಿ’ ಅಂದರೂ ಟೇಬಲ್ ಮೇಲೆ ಇಟ್ಟುಬಿಡಿ. ಡಿಸ್ಚಾರ್ಜ್ ಸಮರಿ, ಸ್ಕ್ಯಾನ್ ಎಲ್ಲದರ ಜೆರಾಕ್ಸ್ ಇರಲಿ. ಆ ಅಂಗಡಿಯಲ್ಲಿ ಮಾತ್ರ ಮಾಡಿಸಬೇಡಿ.

ನಾನೂ ಅಪೀಲು ಹಾಕಿದ್ದೇನೆ. ಕಳೆದ ಮಂಗಳವಾರ ಅದಕ್ಕೆ ಅಂತಲೇ ಹೋಗಿದ್ದಾಗ ಅದೇ ಮರದ ಕೆಳಗೆ ಅವನಿದ್ದ. ವೀಲ್‌ಚೇರಿನಲ್ಲಿ ಒಬ್ಬ ಹುಡುಗ, ಪಕ್ಕದಲ್ಲಿ ಅವನ ಅಜ್ಜಿ, ಸೆರಗಿನ ಗಂಟು ಬಿಚ್ಚುತ್ತಿದ್ದರು. ನಾನು ಓಡಿ ಹೋಗಿ ‘ಕೊಡಬೇಡಿ ಅಜ್ಜಿ, ಮೋಸ’ ಅಂತ ಕೂಗಿದೆ. ಅವನು ಒಂದು ಮಾತೂ ಆಡದೆ ಬೈಕ್ ಹತ್ತಿ ಹೋದ. ಅಜ್ಜಿ ನನ್ನನ್ನೇ ಬೈದರು. ‘ಬೆಳಗ್ಗಿಂದ ಮಾತಾಡಿಸಿದೋನು ಅವನೊಬ್ಬನೇ. ಅವನನ್ನೂ ಓಡಿಸಿದೆಯಲ್ಲಮ್ಮ.’