ಲೋ ಫಾಡ್‌ಮ್ಯಾಪ್ ಡಯಟ್ ಪ್ಯಾಕೇಜ್: ಎರಡು ವರ್ಷದ ಮೇಲೆ ನಡೆಸಿ ಬರೀತಿರೋ ರಿವ್ಯೂ, ದಾವಣಗೆರೆಯಿಂದ

ಸ್ಟಾರ್: 5ಕ್ಕೆ 3.5. ಡಯಟ್ ಮಾತ್ರ ನೋಡಿದ್ರೆ ನಾಲ್ಕೂವರೆ ಕೊಡ್ತಿದ್ದೆ, ಅದನ್ನ ಮಾರೋ ರೀತಿ ನೋಡಿ ಒಂದು ಕಟ್ ಮಾಡಿದೀನಿ.

ಮೊದ್ಲೇ ಹೇಳ್ಬಿಡ್ತೀನಿ, ಇದು ತೂಕ ಇಳಿಸೋ ಡಯಟ್ ಅಲ್ಲ. ಥೈರಾಯ್ಡ್, ಶುಗರ್, ಪಿಸಿಓಡಿ ಯಾವ್ದಕ್ಕೂ ಅಲ್ಲ. ನಂಗೆ ಥೈರಾಯ್ಡ್ ಇದೆ, ಮಾತ್ರೆ ಮುಂಚೆ ಎಷ್ಟಿತ್ತೋ ಈಗ್ಲೂ ಅಷ್ಟೇ ಇದೆ. ಇದು ಐಬಿಎಸ್ ಇರೋರಿಗೆ, ಅಂದ್ರೆ ಹೊಟ್ಟೆ ಉಬ್ಬರ, ನುಲಿತ, ಬೆಳಿಗ್ಗೆ ಆಫೀಸಿಗೆ ಹೊರಡೋ ಹೊತ್ತಿಗೆ ಸರಿಯಾಗಿ ಟಾಯ್ಲೆಟ್ಟಿಗೆ ಓಡೋದು, ಆಮೇಲೆ ಎರಡು ದಿನ ಬಂದ್, ಸ್ಕ್ಯಾನ್ ಮಾಡ್ಸಿದ್ರೆ ಎಲ್ಲಾ ನಾರ್ಮಲ್, ಮನೇವ್ರೆಲ್ಲ "ಏನೂ ಇಲ್ಲ ಬಿಡು, ಟೆನ್ಷನ್ ಮಾಡ್ಕೋಬೇಡ" ಅನ್ನೋದು, ಆ ಜಾತಿ ಕಾಯಿಲೆಗೆ. ಮಲದಲ್ಲಿ ರಕ್ತ ಬರ್ತಿದ್ರೆ, ಸುಮ್‌ಸುಮ್ನೆ ತೂಕ ಇಳೀತಿದ್ರೆ ಡಯಟ್ ಗಿಯಟ್ ಆಮೇಲೆ, ಮೊದ್ಲು ಡಾಕ್ಟರ್ ಹತ್ರ ಹೋಗಿ. ಇನ್ನೊಂದು, ಗೋಧಿ ಬಿಡೋಕೆ ಮುಂಚೆನೇ ಸೀಲಿಯಾಕ್ (ಗೋಧಿಲಿರೋ ಗ್ಲುಟೆನ್‌ನಿಂದ ಸಣ್ಣ ಕರುಳಿಗೆ ಪೆಟ್ಟು ಬೀಳೋ ಕಾಯಿಲೆ) ಇದ್ಯಾ ಅಂತ ರಕ್ತ ಪರೀಕ್ಷೆ ಮಾಡಿಸ್ಕೊಳ್ಳಿ, ಟಿಟಿಜಿ ಐಜಿಎ ಅಂತಾರೆ. ಗೋಧಿ ಬಿಟ್ಟು ತಿಂಗಳುಗಟ್ಲೆ ಆದ್ಮೇಲೆ ಮಾಡ್ಸಿದ್ರೆ ಕಾಯಿಲೆ ಇದ್ರೂ ರಿಪೋರ್ಟಲ್ಲಿ ಇಲ್ಲ ಅಂತ ಬರಬಹುದು. ನಂಗೆ ನಮ್ಮ ಡಾಕ್ಟರು ಇದನ್ನ ಮಾಡ್ಸಿ, ನೆಗೆಟಿವ್ ಬಂದ್ಮೇಲೇನೇ ಡಯಟಿಷಿಯನ್ ಹತ್ರ ಕಳಿಸಿದ್ದು.

ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿರೋ ಮೊನಾಶ್ ಯೂನಿವರ್ಸಿಟಿಯವರು ಬೆಳೆಸಿದ ಪದ್ಧತಿ ಇದು, ಫಾಡ್‌ಮ್ಯಾಪ್ ಅನ್ನೋ ಹೆಸರು ಬಂದಿದ್ದು 2005ರಲ್ಲಿ. ಫಾಡ್‌ಮ್ಯಾಪ್ ಅಂದ್ರೆ ಆಹಾರದಲ್ಲಿರೋ ಕೆಲವು ಜಾತಿ ಸಕ್ಕರೆ ಅಂಶಗಳು, ಅವು ಸಣ್ಣ ಕರುಳಲ್ಲಿ ಪೂರ್ತಿ ಹೀರಿಕೆ ಆಗಲ್ಲ, ನೀರು ಎಳ್ಕೊಂಡು ದೊಡ್ಡ ಕರುಳಿಗೆ ಹೋಗ್ತವೆ, ಅಲ್ಲಿ ಬ್ಯಾಕ್ಟೀರಿಯಾ ಅವನ್ನ ಹುಳಿ ಬರ್ಸಿ ಗ್ಯಾಸ್ ಮಾಡ್ತವೆ. ಇದು ಎಲ್ಲರಿಗೂ ಆಗುತ್ತೆ, ಆದ್ರೆ ಐಬಿಎಸ್ ಇರೋರ ಕರುಳು ಅಷ್ಟಕ್ಕೇ ಕಿರುಚ್ಕೊಳ್ಳುತ್ತೆ ಅಷ್ಟೇ ವ್ಯತ್ಯಾಸ. ಮೂರು ಹಂತ: ಎರಡರಿಂದ ಆರು ವಾರ ಇವು ಜಾಸ್ತಿ ಇರೋದನ್ನೆಲ್ಲ ಬಿಡೋದು, ಆಮೇಲೆ ಒಂದೊಂದೇ ವಾಪಸ್ ತಿಂದು ನೋಡೋದು, ಕೊನೆಗೆ ತನಗೆ ಆಗದಿದ್ದನ್ನಷ್ಟೇ ಕಮ್ಮಿ ಮಾಡ್ಕೊಂಡು ಉಳಿದಿದ್ದೆಲ್ಲ ತಿನ್ನೋದು.

ಮೊದಲ ಹಂತದಲ್ಲಿ ಬಿಡಬೇಕಾಗಿದ್ದು: ಈರುಳ್ಳಿ, ಬೆಳ್ಳುಳ್ಳಿ, ಗೋಧಿ, ಹಾಲು, ಕಡ್ಲೆ ರಾಜ್ಮಾ ಅಲಸಂದೆ, ಸೇಬು, ಮಾವು, ಕಲ್ಲಂಗಡಿ, ಜೇನುತುಪ್ಪ, ಹೂಕೋಸು, ಅಣಬೆ, ಗೋಡಂಬಿ. ಈಗ ನನ್ನ ಪರಿಸ್ಥಿತಿ ಕೇಳಿ, ನನ್ನ ತವರು ಚಳ್ಳಕೆರೆ ಕಡೆ, ತಮ್ಮ ಈರುಳ್ಳಿ ಬೆಳೀತಾನೆ. "ಅಕ್ಕಾ, ಈ ಸಲ ಈರುಳ್ಳಿ ಚೆನ್ನಾಗಿ ಬಂದೈತೆ, ಒಂದು ಚೀಲ ಬಸ್ಸಿಗೆ ಹಾಕ್ಲಾ" ಅಂತ ಫೋನ್ ಮಾಡ್ದಾಗ ಏನಂತ ಹೇಳ್ಲಿ ನಾನು? ಚೀಲ ಬಂತು, ನಮ್ಮ ಓಣಿಯವ್ರೆಲ್ಲ ತಿಂದ್ರು. ನಮ್ಮತ್ತೆಯಂತೂ "ಬಾಣಂತಿಗಾದ್ರೂ ಬೆಳ್ಳುಳ್ಳಿ ಹಾಕ್ತಾರೆ, ನಿನ್ನ ಪಥ್ಯ ಅದಕ್ಕೂ ಕಡೆ ಆತಲ್ಲವ್ವ" ಅಂದ್ರು.

ಆದ್ರೆ ಅಡುಗೆಗೆ ದಾರಿ ಇದೆ, ಇದನ್ನ ಯಾರೂ ಸರಿಯಾಗಿ ಹೇಳಲ್ಲ. ಈರುಳ್ಳಿ ಬೆಳ್ಳುಳ್ಳಿಲಿ ತೊಂದರೆ ಕೊಡೋ ಫ್ರಕ್ಟಾನ್ ಅನ್ನೋ ಫಾಡ್‌ಮ್ಯಾಪ್ ನೀರಲ್ಲಿ ಕರಗುತ್ತೆ, ಎಣ್ಣೇಲಿ ಕರಗಲ್ಲ. ಅದಕ್ಕೇ ಶೇಂಗಾ ಎಣ್ಣೇಲಿ ಬೆಳ್ಳುಳ್ಳಿ ಎಸಳು ಕೆಂಪಗಾಗೋವರ್ಗೂ ಹುರಿದು, ಎಸಳು ಎಲ್ಲಾ ತೆಗೆದು ಗಂಡನ ತಟ್ಟೆಗೆ ಹಾಕಿ, ಆ ಎಣ್ಣೇಲೇ ಸಾಸಿವೆ ಕರಿಬೇವು ಒಗ್ಗರಣೆ ಕೊಟ್ರೆ ಘಮ ಹಾಗೇ ಇರುತ್ತೆ, ಹೊಟ್ಟೆಗೆ ಏನೂ ಆಗಲ್ಲ. ಎಸಳು ಸಾರಲ್ಲಿ ಕುದ್ರೆ ಮಾತ್ರ ಕೆಲಸ ಕೆಡ್ತು, ಆಮೇಲೆ ಎತ್ತಿ ಎಸೆದ್ರೂ ಪ್ರಯೋಜನ ಇಲ್ಲ. (ಆ ಎಣ್ಣೆ ಮಾಡಿ ಬಾಟಲಿಲಿ ತುಂಬಿ ಹೊರಗಡೆ ವಾರಗಟ್ಲೆ ಇಡಬೇಡಿ, ವಿಷ ಆಗೋ ಚಾನ್ಸ್ ಇದೆ, ಅವತ್ತಿಂದು ಅವತ್ತೇ.) ಎಳೆ ಈರುಳ್ಳಿ ಗಿಡದ ಹಸಿರು ಎಲೆ ತಿನ್ನಬಹುದು, ಬಿಳಿ ಗಡ್ಡೆ ಬಿಡಬೇಕು. ಇಂಗು ಆಗುತ್ತೆ, ಆದ್ರೆ ಡಬ್ಬಿ ಹಿಂದೆ ಓದಿ, ಬಹಳಷ್ಟರಲ್ಲಿ ಗೋಧಿ ಹಿಟ್ಟು ಸೇರಿಸಿರ್ತಾರೆ. ಚಿಟಿಕೆ ಇಂಗಲ್ಲಿ ಐಬಿಎಸ್‌ನವ್ರಿಗೆ ದೊಡ್ಡ ವ್ಯತ್ಯಾಸ ಆಗಲ್ಲ, ಸೀಲಿಯಾಕ್ ಇರೋರು ಮಾತ್ರ ಅದನ್ನ ಮುಟ್ಟಬಾರದು.

ಒಂದು ರೀತಿಲಿ ನಾವು ಈ ಸೀಮೆಯವ್ರು ಪುಣ್ಯವಂತರು. ಜೋಳದ ರೊಟ್ಟಿ ನಡೆಯುತ್ತೆ, ಅನ್ನ ನಡೆಯುತ್ತೆ, ಶೇಂಗಾ ಚಟ್ನಿ ಬೆಳ್ಳುಳ್ಳಿ ಇಲ್ದೆ ಮಾಡಿದ್ರೆ ನಡೆಯುತ್ತೆ, ಬದ್ನೆಕಾಯಿ ನಡೆಯುತ್ತೆ, ಮಂಡಕ್ಕಿ ಅಕ್ಕಿದೇ ಅಲ್ವಾ, ಅದೂ ನಡೆಯುತ್ತೆ. ಮಂಡಕ್ಕಿ ಜೊತೆ ಬರೋ ಮೆಣಸಿನಕಾಯಿ ಬಜ್ಜಿ ಮಾತ್ರ ಕಡ್ಲೆ ಹಿಟ್ಟಿಂದು, ಅದು ಔಟ್, ಆ ಹಂತದಲ್ಲಿ ನಂಗೆ ಜೀವ ಹೋದಂಗಾಗಿದ್ದು ಅದಕ್ಕೇ. ಬೆಣ್ಣೆ ದೋಸೆ ವಿಷಯ ಎಲ್ರೂ ಕೇಳ್ತಾರೆ: ಹಿಟ್ಟು ಅಕ್ಕಿ, ಸ್ವಲ್ಪ ಉದ್ದು, ಮಂಡಕ್ಕಿ, ಬೆಣ್ಣೇಲಿ ಲ್ಯಾಕ್ಟೋಸ್ (ಹಾಲಿನ ಸಕ್ಕರೆ) ನಾಮಕಾವಸ್ತೆ. ದೋಸೆ ತಪ್ಪಲ್ಲ, ಪಕ್ಕದಲ್ಲಿರೋ ಪಲ್ಯದಲ್ಲಿ ಈರುಳ್ಳಿ ಇದ್ಯಾ ಅಂತ ಕೇಳಿ. ಜಿಡ್ಡು ಜಾಸ್ತಿ ಆದ್ರೆ ಕೆಲವ್ರಿಗೆ ಹೊಟ್ಟೆ ಕೆಡುತ್ತೆ, ಅದು ಬೇರೆ ಲೆಕ್ಕ. ದುಗ್ಗಮ್ಮನ ಹಬ್ಬದಲ್ಲೂ ಅಷ್ಟೇ, ಮಟನ್‌ನಲ್ಲಿ ಫಾಡ್‌ಮ್ಯಾಪ್ ಇಲ್ಲ, ಮಸಾಲೇಲಿ ಇರೋದು. ಕರೆದವ್ರ ಮನೇಲಿ ಕೂತು "ಮಸಾಲೆ ತೊಳೆದು ಕೊಡ್ರಿ" ಅನ್ನೋಕಾಗುತ್ತಾ?

ನಂಗೆ ಮೂರನೇ ವಾರದ ಹೊತ್ತಿಗೆ ಉಬ್ಬರ ಅರ್ಧಕ್ಕರ್ಧ ಇಳೀತು, ನುಲಿತ ಬಹುತೇಕ ನಿಂತೇ ಹೋಯ್ತು. ಎಲ್ರಿಗೂ ಆಗಲ್ಲ, ಮೊನಾಶ್‌ನವರೇ ಹೇಳೋದು ನಾಲ್ಕು ಜನದಲ್ಲಿ ಮೂರು ಜನಕ್ಕೆ ಅಂತ. ಆರು ವಾರ ಮಾಡಿನೂ ಏನೂ ಬದಲಾಗ್ಲಿಲ್ಲ ಅಂದ್ರೆ ಬಿಟ್ಬಿಡಿ, ಇನ್ನೂ ಬಿಗಿ ಮಾಡೋಕೆ ಹೋಗ್ಬೇಡಿ.

ಈಗ ಅಸಲಿ ಮಾತು. ಆರಾಮ ಸಿಕ್ಕಿದ ಕೂಡ್ಲೇ ಜನ ಏನ್ ಮಾಡ್ತಾರೆ ಅಂದ್ರೆ ಅಲ್ಲೇ ಕೂತ್ಬಿಡ್ತಾರೆ, ವರ್ಷಗಟ್ಲೆ ಈರುಳ್ಳಿ ಇಲ್ಲ ಬೇಳೆ ಇಲ್ಲ ಹಾಲಿಲ್ಲ. ನಾನು ತಗೊಂಡಿದ್ದ ಪ್ಯಾಕೇಜಲ್ಲೂ ಎರಡನೇ ಹಂತ ಕೇಳಿದ್ರೆ "ಆರಾಮಿದೀರಲ್ಲ ಮೇಡಂ, ಇದನ್ನೇ ಕಂಟಿನ್ಯೂ ಮಾಡಿ, ಪ್ಯಾಕೇಜ್ ರಿನ್ಯೂ ಮಾಡ್ಕೊಡ್ತೀವಿ" ಅಂದ್ರು. ಅದಕ್ಕೇ ಸ್ಟಾರ್ ಹೋಗಿದ್ದು. ಬಹಳ ದಿನ ಇದೇ ಬಿಗೀಲಿ ಇದ್ರೆ ಕರುಳಲ್ಲಿರೋ ಒಳ್ಳೆ ಬ್ಯಾಕ್ಟೀರಿಯಾ, ಬಿಫಿಡೊ ಅಂತಾರಲ್ಲ ಅದು, ಕಮ್ಮಿ ಆಗುತ್ತೆ, ನಾರಿನಂಶ, ಕ್ಯಾಲ್ಸಿಯಂ ಕೊರತೆ ಬೇರೆ. ಇದರ ಮೇಲೆ ರಕ್ತ ತಗೊಂಡು ನೂರಾರು ಆಹಾರಕ್ಕೆ ಐಜಿಜಿ (ರಕ್ತದಲ್ಲಿರೋ ಒಂದು ಜಾತಿ ಪ್ರತಿಕಾಯ) ಟೆಸ್ಟ್ ಮಾಡಿ ಲಿಸ್ಟ್ ಕೊಡ್ತೀವಿ ಅಂತ ಬರ್ತಾರೆ, ತಗೋಬೇಡಿ. ಐಜಿಜಿ ಇದೆ ಅಂದ್ರೆ ನೀವು ಆ ಪದಾರ್ಥ ತಿಂದಿದೀರಿ ಅಂತ ಗೊತ್ತಾಗುತ್ತೆ, ಆಗಲ್ಲ ಅಂತಲ್ಲ. ಅಲರ್ಜಿ ತಜ್ಞರ ಸಂಘಗಳೇ ಇದು ಬೇಡ ಅಂತ ಹೇಳಿವೆ.

ಎರಡನೇ ಹಂತ ನಾನು ಮೊನಾಶ್ ಆಪ್ ದುಡ್ಡು ಕೊಟ್ಟು ಹಾಕ್ಕೊಂಡು, ಡಾಕ್ಟರಿಗೆ ಹೇಳಿ, ಮಾಡ್ದೆ. ಅದರಲ್ಲಿ ಹಸಿರು ಹಳದಿ ಕೆಂಪು ಬಣ್ಣ ಇರುತ್ತೆ, ಅಳತೆ ಜೊತೆ. ಒಂದೇ ಪದಾರ್ಥ ಸ್ವಲ್ಪ ತಿಂದ್ರೆ ಹಸಿರು, ಜಾಸ್ತಿ ತಿಂದ್ರೆ ಕೆಂಪು. ಮಿಕ್ಕಿದ್ದೆಲ್ಲ ಮೊದಲಿನ ಪಥ್ಯದಲ್ಲೇ ಇಟ್ಟು ಒಂದು ಗುಂಪಿಂದ (ಒಂದೇ ಜಾತಿ ಫಾಡ್‌ಮ್ಯಾಪ್ ಇರೋ ಪದಾರ್ಥಗಳು ಒಂದು ಗುಂಪು) ಒಂದೇ ಪದಾರ್ಥ, ಮೂರು ದಿನ, ದಿನಾ ಅಳತೆ ಏರಿಸ್ತಾ ತಿನ್ನೋದು, ಆಮೇಲೆ ಎರಡು ಮೂರು ದಿನ ಬಿಡುವು, ಆಮೇಲೆ ಇನ್ನೊಂದು. ಹಾಲು ಹಾಕಿ ನೋಡಿದ್ರೆ ಏನೂ ಆಗ್ಲಿಲ್ಲ! ಅಷ್ಟು ದಿನ ಕಪ್ಪು ಟೀ ಕುಡಿದಿದ್ದು ದಂಡ. ಬೆಳ್ಳುಳ್ಳಿ ಒಂದು ಎಸಳು ಓಕೆ. ಚಪಾತಿ ಒಂದು ಓಕೆ, ಮೂರು ತಿಂದ್ರೆ ರಾತ್ರಿಯೆಲ್ಲ ಜಾಗರಣೆ. ಈರುಳ್ಳಿ ಕಾಲು ಗಡ್ಡೆಗೇ ಬಾಗಿಲು ಬಡಿಯುತ್ತೆ, ಅದೊಂದೇ ನನ್ನ ಖಾಯಂ ಶತ್ರು.

ಬೇಳೆಕಾಳಲ್ಲಿ ಒಂದು ಮಜಾ ಇದೆ. ಕಾಳಲ್ಲಿರೋ ಗ್ಯಾಸ್ ಅಂಶ ನೆನೆಸಿದ ನೀರಿಗೆ, ಬೇಯಿಸಿದ ನೀರಿಗೆ ಇಳಿಯುತ್ತೆ, ಆ ನೀರು ಚೆಲ್ಲಿದ್ರೆ ಕಾಳು ಹಗುರ. ಆದ್ರೆ ನಾವು ಚೆಲ್ತೀವಾ? ಆ ಕಟ್ಟನ್ನೇ ಬಸಿದು ಬಸ್ಸಾರು ಮಾಡ್ತೀವಿ, ಹೋಳಿಗೆ ದಿನ ಕಟ್ಟಿನ ಸಾರು ಮಾಡ್ತೀವಿ, ಅದಕ್ಕೆ ಈರುಳ್ಳಿ ಬೆಳ್ಳುಳ್ಳಿ ರುಬ್ಬಿ ಬೇರೆ ಹಾಕ್ತೀವಿ. ಈಗ ಬಸ್ಸಾರು ಮಾಡಿದ ದಿನ ನಂಗೆ ಪಲ್ಯ, ಸಾರು ಅವ್ರಿಗೆ. ಒಂದೇ ಒಲೆ, ಒಂದೇ ಅಡುಗೆ, ಬೇರೆ ಪಾತ್ರೆ ಇಡೋ ಕೆಲಸ ಇಲ್ಲ. ಹೋಳಿಗೇಲಿ ಮೈದಾನೂ ಇದೆ ಬೇಳೇನೂ ಇದೆ, ಹಬ್ಬಕ್ಕೆ ಒಂದು ತಿಂತೀನಿ, ಎರಡನೇದಕ್ಕೆ ಕೈ ಹಾಕಲ್ಲ.

ಇನ್ನೊಂದು ಸಣ್ಣ ವಿಷಯ, ಶುಗರ್ ಫ್ರೀ ಚೂಯಿಂಗ್ ಗಮ್ಮು, ಕೆಲವು ಸಿರಪ್ಪು, ಇವುಗಳಲ್ಲಿ ಸಾರ್ಬಿಟಾಲ್ ಅನ್ನೋ ಸಿಹಿ ಅಂಶ ಇರುತ್ತೆ, ಅದೂ ಫಾಡ್‌ಮ್ಯಾಪೇ, ಎಲ್ಲಾ ಸರಿಯಾಗಿ ಪಥ್ಯ ಮಾಡ್ತಿದೀನಿ ಆದ್ರೂ ಹೊಟ್ಟೆ ಕೆಟ್ಟಿದೆ ಅನ್ನೋರು ಅಲ್ಲಿ ಹುಡುಕಿ. ಮಕ್ಕಳಿಗೆ, ಬಸುರಿಯರಿಗೆ, ಮೊದ್ಲೇ ಊಟ ಕಮ್ಮಿ ಮಾಡಿ ಸೊರಗಿರೋರಿಗೆ ನೀವಾಗೇ ಶುರು ಮಾಡ್ಬೇಡಿ.

ದುಡ್ಡು ಕೊಡೋಕೆ ಮುಂಚೆ ಡಯಟಿಷಿಯನ್‌ಗೆ ಒಂದೇ ಪ್ರಶ್ನೆ ಕೇಳಿ: "ಬಿಟ್ಟಿದ್ದನ್ನ ಯಾವ ವಾರದಿಂದ, ಯಾವ ಕ್ರಮದಲ್ಲಿ ವಾಪಸ್ ತಿನ್ನಿಸ್ತೀರಿ?" ಅಂತ. ಪೆನ್ನು ತಗೊಂಡು ಬರೆದು ತೋರ್ಸಿದ್ರೆ ಸೇರ್ಕೊಳ್ಳಿ. "ಅದೆಲ್ಲ ಆಮೇಲೆ ನೋಡೋಣ" ಅಂದ್ರೆ ಎದ್ದು ಬನ್ನಿ.