ಮಲೆನಾಡಿನ ಮಳೆಗೆ ಯಾವ ಬೇರಿಂಗ್: ತಗಡಿನ ಮುಚ್ಚಳವೋ, ರಬ್ಬರ್ ಸೀಲೋ?

ಬೈಕಿನ ಚಕ್ರಕ್ಕೆ ರಬ್ಬರ್ ಸೀಲಿನ ಬೇರಿಂಗನ್ನೇ ಹಾಕಿ. ತೀರ್ಥಹಳ್ಳಿ, ಹೊಸನಗರ, ಆಗುಂಬೆ ಕಡೆಯವರಿಗೆ ಇದನ್ನು ಯಾವ ಅನುಮಾನವೂ ಇಲ್ಲದೆ ಹೇಳುತ್ತೇನೆ. ನನ್ನ ಬೈಕಿನ ಮುಂದಿನ ಚಕ್ರಕ್ಕೆ ಪೇಟೆಯ ಗ್ಯಾರೇಜೊಂದರಲ್ಲಿ ತಗಡಿನ ಮುಚ್ಚಳದ ಬೇರಿಂಗ್ ಹಾಕಿದ್ದರು. ಹಿಂದಿನ ಚಕ್ರಕ್ಕೆ ನಾನೇ ಮನೆಯಲ್ಲಿ ರಬ್ಬರ್ ಸೀಲಿನದನ್ನು ಕೂರಿಸಿದ್ದೆ. ಎರಡೂ ಒಂದೇ ಮಳೆಗಾಲ ಕಂಡವು, ಒಂದೇ ಹಳ್ಳ ದಾಟಿದವು. ದೀಪಾವಳಿಯ ಹೊತ್ತಿಗೆ ಮುಂದಿನ ಚಕ್ರ ಗರಗರ ಎನ್ನತೊಡಗಿತು. ಬಿಚ್ಚಿದರೆ ಗ್ರೀಸಿನ ಜಾಗದಲ್ಲಿ ಕೆಂಪು ರಾಡಿ, ಗುಂಡುಗಳ ಮೇಲೆ ತುಕ್ಕು. ಹಿಂದಿನದು ಬೆರಳಿಟ್ಟು ತಿರುಗಿಸಿದರೆ ಇಂದಿಗೂ ನುಣ್ಣಗೆ ತಿರುಗುತ್ತದೆ. ಮುಂದಿನ ಚಕ್ರಕ್ಕೆ ನೀರು ಹೆಚ್ಚು ಹೊಡೆಯುತ್ತದೆ ಎಂದು ಯಾರಾದರೂ ವಾದಿಸಬಹುದು. ಆದರೆ ಭಾರವೂ ಚೈನಿನ ಎಳೆತವೂ ಹಿಂದಿನ ಚಕ್ರಕ್ಕೇ ಹೆಚ್ಚು.

ಕಾರಣ ಸರಳ. ಬೇರಿಂಗ್ ಎಂದರೆ ಒಂದು ಒಳ ರಿಂಗು, ಒಂದು ಹೊರ ರಿಂಗು, ನಡುವೆ ಉರುಳುವ ಗುಂಡುಗಳು. ಆ ನಡುವಿನ ಜಾಗವನ್ನು ಬದಿಯಿಂದ ಮುಚ್ಚುವುದೇ ಈ ಮುಚ್ಚಳ ಅಥವಾ ಸೀಲು. ತಗಡಿನ ಮುಚ್ಚಳ ಒಳ ರಿಂಗಿಗೆ ತಾಗುವುದಿಲ್ಲ, ನಡುವೆ ಕೂದಲೆಳೆಯಷ್ಟು ಸಂದು ಉಳಿಯುತ್ತದೆ. ಧೂಳನ್ನು ತಕ್ಕಮಟ್ಟಿಗೆ ತಡೆಯುವ ಆ ಮುಚ್ಚಳ ನೀರನ್ನು ತಡೆಯುವುದಿಲ್ಲ. ರಬ್ಬರ್ ಸೀಲಿನ ತುಟಿ ಒಳ ರಿಂಗನ್ನು ಒತ್ತಿಕೊಂಡೇ ಇರುತ್ತದೆ. ಹಾಗಾಗಿ ತಿರುಗುವಾಗ ತುಸು ಬಿಗಿ. ಅತಿವೇಗದ ಮೋಟಾರುಗಳಲ್ಲಿ ಅದು ಲೆಕ್ಕಕ್ಕೆ ಬರಬಹುದು, ಬೈಕಿನ ಚಕ್ರದಲ್ಲಿ ಗೊತ್ತೇ ಆಗುವುದಿಲ್ಲ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ದಾಟಿ ಮಳೆ ಸುರಿಯುವ ಆಗುಂಬೆಯ ರಸ್ತೆಯಲ್ಲಿ ಆ ಸಂದು ಇರುವುದೂ ಇಲ್ಲದಿರುವುದೂ ಒಂದೇ ಅಲ್ಲ.

ಮುಚ್ಚಳವೇ ಇಲ್ಲದ ಬೇರಿಂಗ್ ತಂದು ಕೈಯಲ್ಲಿ ಗ್ರೀಸ್ ತುಂಬುವ ಹಳೆಯ ಪದ್ಧತಿಯೂ ಇದೆ. ಮಳೆಗಾಲಕ್ಕೆ ಮುಂಚೆ ಪ್ರತಿ ವರ್ಷ ಚಕ್ರ ಬಿಚ್ಚುವವರಿಗೆ ಮಾತ್ರ ಅದು ಸರಿ.

ಅಂಗಡಿಯಲ್ಲಿ ಎಚ್ಚರ ಬೇಕಾದದ್ದು ಬೇರಿಂಗಿನ ಮೇಲಿನ ಸಂಖ್ಯೆಯಲ್ಲಿ, ಅಕ್ಷರಗಳಲ್ಲಿ. 6202 ಎಂದರೆ ಒಳ ತೂತು 15 ಮಿ.ಮೀ., ಹೊರ ಅಳತೆ 35, ಅಗಲ 11. 6302ಕ್ಕೂ ತೂತು 15 ಮಿ.ಮೀ. ಆದರೂ ಹೊರ ಅಳತೆ 42. ಆದ್ದರಿಂದ ಹಳೆಯದರ ಮೇಲಿನ ಸಂಖ್ಯೆಯನ್ನು ಒರೆಸಿ ಓದಿಕೊಂಡೇ ಹೋಗಬೇಕು. ಸಂಖ್ಯೆಯ ನಂತರ ಜೆಡ್‌ಜೆಡ್ ಅಥವಾ 2ಜೆಡ್ ಇದ್ದರೆ ತಗಡು, 2ಆರ್‌ಎಸ್ ಇದ್ದರೆ ರಬ್ಬರ್. ಇದನ್ನೇ ಎನ್‌ಟಿಎನ್ ಕಂಪನಿ ಎಲ್‌ಎಲ್‌ಯು ಎಂದೂ ಎನ್‌ಎಸ್‌ಕೆ ಡಿಡಿಯು ಎಂದೂ ಬರೆಯುತ್ತವೆ. ಎನ್‌ಎಸ್‌ಕೆಯ ವಿವಿ, ಎನ್‌ಟಿಎನ್‌ನ ಎಲ್‌ಎಲ್‌ಬಿ ಕೂಡ ನೋಡಲು ರಬ್ಬರೇ, ಆದರೆ ತುಟಿ ತಾಗುವುದಿಲ್ಲ. ಅವನ್ನು ಕೊಟ್ಟರೆ ವಾಪಸು ಮಾಡಿ. ನಾನು ಶಿವಮೊಗ್ಗದಲ್ಲಿ ಕೊಂಡಾಗ ತಗಡಿಗೂ ರಬ್ಬರಿಗೂ ಬೆಲೆಯಲ್ಲಿ ಇದ್ದ ವ್ಯತ್ಯಾಸ 30-40 ರೂಪಾಯಿ.

ಆ ದುಡ್ಡು ಉಳಿಸಬೇಡಿ ಎನ್ನುವುದಕ್ಕೆ ನಿಜವಾದ ಕಾರಣ ಬೇರಿಂಗಿನ ಬೆಲೆಯಲ್ಲ, ಹಳೆಯದನ್ನು ಹೊರಗೆ ತೆಗೆಯುವ ಪಾಡು. ಚಕ್ರದ ನಡುಗುಂಬ, ಅಂದರೆ ಹಬ್ಬಿನ ಎರಡು ಬೇರಿಂಗುಗಳ ನಡುವೆ ಸ್ಪೇಸರ್ ಎಂಬ ಕೊಳವೆ ಇರುತ್ತದೆ. ಅದರ ಬಾಯಿ ಬೇರಿಂಗಿನ ಒಳ ರಿಂಗಿಗೆ ಸರಿಯಾಗಿ ಕೂತಿರುವುದರಿಂದ, ಆಚೆ ಕಡೆಯಿಂದ ರಾಡು ತೂರಿಸಿ ಹೊಡೆಯೋಣವೆಂದರೆ ತುದಿಗೆ ಹಿಡಿತವೇ ಸಿಗುವುದಿಲ್ಲ. ಕೊಳವೆಯನ್ನು ಒಂದು ಪಕ್ಕಕ್ಕೆ ಸರಿಸಿ, ಕಂಡ ಅಂಚಿಗೆ ರಾಡು ಕೊಟ್ಟು ಸುತ್ತಲೂ ಸ್ವಲ್ಪಸ್ವಲ್ಪವೇ ಹೊಡೆಯಬೇಕು. ತುಕ್ಕು ಹಿಡಿದಿದ್ದರೆ ಕೊಳವೆ ಸರಿಯುವುದಿಲ್ಲ. ರಾಡು ಜಾರಿ ಕೊಳವೆಯ ಬಾಯಿಯೇ ಜಜ್ಜಿಹೋಗುತ್ತದೆ, ಬೇರಿಂಗ್ ಅಲ್ಲೇ ಇರುತ್ತದೆ.

ನನ್ನ ಕೆಲಸ ನಡೆಸಿಕೊಟ್ಟದ್ದು ಹಾರ್ಡ್‌ವೇರ್ ಅಂಗಡಿಯ ಆ್ಯಂಕರ್ ಬೋಲ್ಟ್, ಗೋಡೆಗೆ ಹಾಕುತ್ತಾರಲ್ಲ, ಅದೇ. ಬೇರಿಂಗಿನ ತೂತಿಗೆ ಬಿಗಿಯಾಗಿ ಹೋಗುವ ಅಳತೆಯದನ್ನು ಒಳ ರಿಂಗಿನೊಳಗೆ ತೂರಿಸಿ ನಟ್ಟು ತಿರುಗಿಸಿದರೆ ಅದರ ತೋಳು ಅರಳಿ ರಿಂಗನ್ನು ಕಚ್ಚುತ್ತದೆ. ಆಮೇಲೆ ಆಚೆ ಕಡೆಯಿಂದ ರಾಡು ಹಾಕಿ ಬೋಲ್ಟಿನ ಒಳತುದಿಗೇ ಹೊಡೆಯಬಹುದು. ಅದಕ್ಕೂ ಮುಂಚೆ ಹಬ್ಬಿನ ಮೇಲೆ ಕುದಿಯುವ ನೀರು ಸುರಿಯಬೇಕು, ಏಕೆಂದರೆ ಅಲ್ಯುಮಿನಿಯಂ ಉಕ್ಕಿಗಿಂತ ಹೆಚ್ಚು ಹಿಗ್ಗುತ್ತದೆ. ಮಳೆಗಾಲದಲ್ಲಿ ಬಚ್ಚಲ ಒಲೆ ಆರದ ನಮ್ಮ ಮನೆಗಳಲ್ಲಿ ಬಿಸಿನೀರಿಗೆ ಬರವಿಲ್ಲ, ಆದರೂ ಹಂಡೆಯ ನೀರು ಸಾಲದು, ಕುದಿಯಲೇಬೇಕು. ಕಣ್ಣಿಗೆ ಕನ್ನಡಕ ಬೇಕೇ ಬೇಕು. ಬೇರಿಂಗಿನ ಉಕ್ಕು ಗಡುಸು, ಪೆಟ್ಟಿಗೆ ಚೂರಾಗಿ ಸಿಡಿಯಬಹುದು. ಡಿಸ್ಕ್ ಇರುವ ಚಕ್ರವಾದರೆ ಅದರ ಮೇಲೆ ಭಾರ ಬೀಳದಂತೆ ಕೆಳಗೆ ಹಲಗೆ ಕೊಡಿ.

ಹೊಸದನ್ನು ಕೂರಿಸುವುದು ಇದರ ಕಾಲು ಭಾಗದಷ್ಟೂ ಕಷ್ಟವಲ್ಲ. ಹಿಂದಿನ ರಾತ್ರಿ ಬೇರಿಂಗನ್ನು ಫ್ರೀಜರಿನಲ್ಲಿಡಿ. ಹೊಡೆತ ಹೊರ ರಿಂಗಿಗೆ ಮಾತ್ರ ಬೀಳಬೇಕು. ಹಳೆಯ ಬೇರಿಂಗನ್ನೇ ಮೇಲಿಟ್ಟು ಹೊಡೆಯಬಹುದು. ಒಳ ರಿಂಗಿಗೆ ಬಿದ್ದ ಪೆಟ್ಟು ಗುಂಡುಗಳ ಹಾದಿಯಲ್ಲಿ ತಗ್ಗು ಮಾಡುತ್ತದೆ, ಹೊಸ ಬೇರಿಂಗ್ ಮೊದಲ ದಿನವೇ ಸದ್ದು ಮಾಡುತ್ತದೆ. ಎರಡನೆಯದನ್ನು ಹಾಕುವ ಮುನ್ನ ಸ್ಪೇಸರ್ ಒಳಗಿರಲಿ. ಅದಿಲ್ಲದೆ ಆಕ್ಸಲ್ ಬಿಗಿದರೆ ಬಿಗಿತವೆಲ್ಲ ಗುಂಡುಗಳ ಮೇಲೆಯೇ.

ಶಿವಮೊಗ್ಗ ಪೇಟೆಯೊಳಗೆ ಡಾಂಬರು ರಸ್ತೆಯಲ್ಲೇ ಓಡಾಡಿ, ಮಳೆ ಬಂದರೆ ಬಸ್ ಹಿಡಿಯುವವರಿಗೆ ತಗಡಿನ ಮುಚ್ಚಳ ಸಾಕಾದೀತು. ನನ್ನ ದಾರಿಯಲ್ಲಿ ಹಳ್ಳವಿದೆ, ತೋಟದ ಕೆಸರಿದೆ, ಹತ್ತಿರದಲ್ಲಿ ಗ್ಯಾರೇಜಿಲ್ಲ. ರಬ್ಬರ್ ಸೀಲಿನದನ್ನೇ ಮುಂದಿನ ಚಕ್ರಕ್ಕೂ ಹಾಕಿದ್ದೇನೆ, ಜೊತೆಗೆ ಹೊರಗಿನ ಡಸ್ಟ್ ಸೀಲುಗಳನ್ನೂ ಬದಲಿಸಿದ್ದೇನೆ. ಪೈಪಿನ ಜೋರು ನೀರನ್ನು ಹಬ್ಬಿಗೆ ನೇರ ಹಿಡಿಯುವುದಿಲ್ಲ, ರಬ್ಬರಿನ ತುಟಿಯೂ ಅದಕ್ಕೆ ಜಗ್ಗುತ್ತದೆ. ಅನೇಕ ಬೈಕುಗಳಲ್ಲಿ ಚೈನು ಕೂರುವ ಹಲ್ಲುಚಕ್ರದ, ಅಂದರೆ ಹಿಂದಿನ ಸ್ಪ್ರಾಕೆಟಿನ ಡ್ರಮ್ಮಿನೊಳಗೆ ಪ್ರತ್ಯೇಕವಾಗಿ ಇನ್ನೊಂದು ಬೇರಿಂಗ್ ಇರುತ್ತದೆ. ಚಕ್ರ ಬಿಚ್ಚಿದಾಗಲೇ ಅದನ್ನೂ ತಿರುಗಿಸಿ ನೋಡಿ, ಬದಲಿಸುವುದಾದರೆ ಅದಕ್ಕೂ 2ಆರ್‌ಎಸ್ ಅನ್ನೇ ಕೇಳಿ.