ಲೂಸ್ ಬೇಳೆಯೋ, ಸ್ಕೀಮ್ ಪ್ಯಾಕೆಟ್ಟೋ: ನನ್ನ ಅಂಗಡಿಯ ಲೆಕ್ಕ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಲೂಸ್ ತೊಗರಿಬೇಳೆಗೆ. 'ಇಷ್ಟು ತೆಗೆದುಕೊಂಡರೆ ಒಂದು ಫ್ರೀ' ಎನ್ನುವ ಸ್ಕೀಮ್ ಪ್ಯಾಕೆಟ್‌ಗಳು ಬಿಲ್ಲಿನಲ್ಲಿ ಚೆನ್ನಾಗಿ ಕಾಣುತ್ತವೆ, ಗಲ್ಲಾದಲ್ಲಿ ಅಲ್ಲ.

90ಕ್ಕೆ ತಂದದ್ದನ್ನು 100ಕ್ಕೆ ಮಾರಿದರೆ ಸೇಲ್ಸ್ ಹುಡುಗರು 'ಹನ್ನೊಂದು ಪರ್ಸೆಂಟ್ ಅಣ್ಣಾ' ಎನ್ನುತ್ತಾರೆ. ಅವರು ಭಾಗಿಸುವುದು ಕೊಂಡ ಬೆಲೆಯಿಂದ. ಗ್ರಾಸ್ ಮಾರ್ಜಿನ್ ನೋಡುವುದು ಮಾರಿದ ಬೆಲೆಯ ಮೇಲೆ, ಅಂದರೆ ಹತ್ತೇ. ಬಾಡಿಗೆ, ಕರೆಂಟು ಬಿಲ್ಲು ಎಲ್ಲ ಇನ್ನೂ ಅದರಲ್ಲೇ ಹೋಗಬೇಕು.

ಈಗ ಸ್ಕೀಮ್ ವಿಷಯ. ಓಟ್ಸ್ ಪ್ಯಾಕೆಟ್, ಎಂಆರ್‌ಪಿ 100, ನಮಗೆ 90. ಹನ್ನೆರಡು ತೆಗೆದುಕೊಂಡರೆ ಒಂದು ಫ್ರೀ. 1,080 ಕೊಟ್ಟು 1,300ರ ಸರಕು. ಮಾರ್ಜಿನ್ ಹತ್ತಿರ ಹತ್ತಿರ 17 ಪರ್ಸೆಂಟ್. ಯಾರಿಗೆ ಬೇಡ ಹೇಳಿ?

ಆದರೆ ನಮ್ಮ ಬೀದಿಯಲ್ಲಿ ಓಟ್ಸ್ ತಿನ್ನುವ ಮನೆಗಳು ನಾಲ್ಕೈದು. ಡೇಟ್ ಹತ್ತಿರ ಬಂದಮೇಲೆ ಅವರೂ ಪ್ಯಾಕೆಟ್ ತಿರುಗಿಸಿ ನೋಡಿ ವಾಪಸ್ ಇಟ್ಟರು. ಎರಡು ಉಳಿದವು. ಆರ್ಡರ್ ತೆಗೆದುಕೊಳ್ಳುವಾಗ 'ಎಕ್ಸ್‌ಪೈರಿ ಆದ್ರೆ ನಾವೇ ತಗೋತೀವಿ' ಎಂದಿದ್ದ ಹುಡುಗ ಅಷ್ಟರಲ್ಲಿ ಬೇರೆ ಏರಿಯಾಗೆ ಹೋಗಿದ್ದ. ಹೊಸಬ ಬಂದು, ಸ್ಕೀಮ್ ಮಾಲಿಗೆ ರಿಟರ್ನ್ ಇಲ್ಲ ಎಂದ. ಡಿಸ್ಟ್ರಿಬ್ಯೂಟರ್‌ಗೆ ಫೋನ್ ಮಾಡಿದರೆ 'ಮುಂದಿನ ಬಿಲ್ಲಲ್ಲಿ ನೋಡೋಣ'. ಮುಂದಿನ ಬಿಲ್ಲಲ್ಲಿ ಸಿಕ್ಕಿದ್ದು ಇನ್ನೊಂದು ಸ್ಕೀಮ್.

ಲೆಕ್ಕ ಹಾಕಿ. ಹನ್ನೊಂದು ಮಾರಿದ್ದಕ್ಕೆ 1,100 ಬಂತು, ಕೊಟ್ಟಿದ್ದು 1,080. ಇಪ್ಪತ್ತು ರೂಪಾಯಿ. ಮಾರ್ಜಿನ್ 2 ಪರ್ಸೆಂಟ್ ಕೂಡ ಇಲ್ಲ. ಒಂದೇ ಉಳಿದಿದ್ದರೆ ಸ್ಕೀಮ್ ಇಲ್ಲದ ಹತ್ತು ಪರ್ಸೆಂಟಿಗೇ ಬಂದು ನಿಲ್ಲುತ್ತಿತ್ತು. ಫ್ರೀ ಕೊಟ್ಟ ಪ್ಯಾಕೆಟ್ಟಿನ ಕೆಲಸ ಅಷ್ಟೇ.

ಬೇಳೆ ಕಥೆ ಬೇರೆ. ಯಶವಂತಪುರದ ಎಪಿಎಂಸಿ ಸಗಟು ಮಾರ್ಕೆಟ್ಟಿನಿಂದ 50 ಕೆಜಿ ಮೂಟೆ ತರುತ್ತೇನೆ. ಕಲಬುರಗಿ ಬೇಳೆ ಇದ್ದರೆ ಗಿರಾಕಿ ರೇಟು ಕೇಳುವುದೂ ಕಡಿಮೆ. ಬೆಲೆ ದಿನಾ ಬದಲಾಗುತ್ತದೆ, ಲೆಕ್ಕಕ್ಕೆ ಕೆಜಿಗೆ 120 ಇಟ್ಟುಕೊಳ್ಳಿ. ಹಮಾಲಿ, ಆಟೋ ಸೇರಿ ಮೂಟೆಗೆ 6,100. ನಾನು ಮಾರುವುದು 140ಕ್ಕೆ. ಧೂಳು, ಚೆಲ್ಲಿದ್ದು, ತಕ್ಕಡಿಗೆ ಕೊನೆಯಲ್ಲಿ ಹಾಕುವ ಆ ನಾಲ್ಕು ಕಾಳು, ಎಲ್ಲ ಸೇರಿ ಒಂದು ಕೆಜಿ ಹೋಗುತ್ತದೆ. 49 ಕೆಜಿಗೆ 6,860. ಉಳಿದದ್ದು 760, ಸುಮಾರು 11 ಪರ್ಸೆಂಟ್.

ಹದಿನೇಳರ ಮುಂದೆ ಹನ್ನೊಂದು ಸಣ್ಣದೇ. ಆದರೆ ಮೂಟೆ ಬೇಗ ಖಾಲಿಯಾಗುತ್ತದೆ, ಅದೇ ದುಡ್ಡು ಮತ್ತೆ ಮಾರ್ಕೆಟ್ಟಿಗೆ ಹೋಗುತ್ತದೆ. ಓಟ್ಸ್ ಡಬ್ಬ ಒಮ್ಮೆ ಖಾಲಿಯಾಗುವಷ್ಟರಲ್ಲಿ ಬೇಳೆ ಎಷ್ಟೋ ಸಲ ತಿರುಗಿರುತ್ತದೆ.

ಹುಳದ ಕಾಟ ಇದೆ, ಮಳೆಗಾಲದಲ್ಲಿ ಜಾಸ್ತಿ. ಅದಕ್ಕೇ ಒಂದೇ ಮೂಟೆ ತರುತ್ತೇನೆ.

ನಾನೇ ಅರ್ಧ ಕೆಜಿ ಪ್ಯಾಕ್ ಮಾಡಿ ಲೇಬಲ್ ಹಚ್ಚಬಹುದಿತ್ತು. 2022ರ ಜುಲೈ 18ರಿಂದ ಲೇಬಲ್ ಇರುವ ಪ್ಯಾಕ್ ಬೇಳೆಗೆ 5 ಪರ್ಸೆಂಟ್ ಜಿಎಸ್‌ಟಿ ಬಂತು, ಲೂಸ್‌ಗೆ ಇಲ್ಲ. ಬೇಡಪ್ಪ.

 

ದೊಡ್ಡ ಅಂಗಡಿ, ಕೈಯಲ್ಲಿ ಎರಡು ತಿಂಗಳ ದುಡ್ಡು, ಓಟ್ಸ್ ತಿನ್ನುವ ಏರಿಯಾ ಇದ್ದವರು ಸ್ಕೀಮ್ ಧಾರಾಳವಾಗಿ ತೆಗೆದುಕೊಳ್ಳಿ. ನನ್ನದು ಹತ್ತಡಿ ಅಂಗಡಿ. ಸೋಪು, ಬಿಸ್ಕತ್ತು ಬಿಟ್ಟರೆ ಉಳಿದ ಪ್ಯಾಕೆಟ್ ಮೂರು ಮೂರೇ ತೆಗೆದುಕೊಳ್ಳುತ್ತೇನೆ. ರಿಟರ್ನ್ ಮಾತನ್ನು ಹುಡುಗನ ಕೈಯಲ್ಲಿ ಬಿಲ್ಲಿನ ಮೇಲೇ ಬರೆಸಿಕೊಳ್ಳುತ್ತೇನೆ.